ಬೆಂಗಳೂರಿನ ಭೂಗತ ಲೋಕ

ಬೆಂಗಳೂರಿನ ಭೂಗತ ಲೋಕ ಎಂಬುದು ಕರ್ನಾಟಕದ ರಾಜಧಾನಿ ಬೆಂಗಳೂರು ಹಾಗೂ ಅದರ ಸುತ್ತಲಿನ ಗ್ರಾಮಾಂತರ ಪ್ರದೇಶಗಳಲ್ಲಿ 20ನೆಯ ಶತಮಾನದ ಉತ್ತರಾರ್ಧದಿಂದ ಬೆಳೆದುಬಂದ ಸಂಘಟಿತ ಅಪರಾಧ ಜಾಲಗಳಿಗೆ ಇರುವ ರೂಢಿಯ ಹೆಸರು. 'ಉದ್ಯಾನ ನಗರಿ', 'ನಿವೃತ್ತರ ಸ್ವರ್ಗ' ಎಂದು ಹೆಸರಾಗಿದ್ದ ಬೆಂಗಳೂರು ಶಾಂತ ನಗರವೆಂದೇ ಪರಿಚಿತವಾಗಿತ್ತು. ಅದೇ ಕಾಲದಲ್ಲಿ ಮಾರುಕಟ್ಟೆ, ಚಿತ್ರಮಂದಿರ, ಸಾರಾಯಿ ವಹಿವಾಟು ಮತ್ತು ಇಂಧನ ವ್ಯಾಪಾರಗಳ ಆಸರೆಯಲ್ಲಿ ರೌಡಿ ತಂಡಗಳು ನೆಲೆಯೂರಿದವು. 1990ರ ದಶಕದ ನಂತರ ಈ ಜಾಲಗಳ ಮುಖ್ಯ ಆದಾಯ ಮೂಲವು ಜಮೀನು ವ್ಯವಹಾರಕ್ಕೆ ಬದಲಾಯಿತು.

ಪದಬಳಕೆ

ಹಿಂಸಾತ್ಮಕ ಅಪರಾಧಗಳಲ್ಲಿ ಪದೇಪದೇ ತೊಡಗುವವರ ಹೆಸರು ಮತ್ತು ಚಲನವಲನಗಳನ್ನು ಪೊಲೀಸ್ ಠಾಣೆಗಳು ದಾಖಲಿಸಿಡುವ ಕಡತಕ್ಕೆ 'ರೌಡಿ ಪಟ್ಟಿ' ಎಂದು ಹೆಸರು. ವ್ಯಾಪಾರಿಗಳಿಂದ ನಿಯತವಾಗಿ ವಸೂಲು ಮಾಡುವ ಹಣವನ್ನು 'ಹಫ್ತಾ', ಹಣ ಪಡೆದು ನಡೆಸುವ ಕೊಲೆಯ ಒಪ್ಪಂದವನ್ನು 'ಸುಪಾರಿ', ಉದ್ದನೆಯ ಮಚ್ಚನ್ನು 'ಲಾಂಗು' ಎನ್ನುತ್ತಾರೆ. ಸಿವಿಲ್ ವ್ಯಾಜ್ಯವನ್ನು ನ್ಯಾಯಾಲಯದ ಹೊರಗೆ ಬೆದರಿಕೆಯಿಂದ ಇತ್ಯರ್ಥಪಡಿಸುವುದು 'ಸೆಟಲ್‌ಮೆಂಟ್' ಎನಿಸಿಕೊಳ್ಳುತ್ತದೆ.

ಆರಂಭ

ಮೊದಲ ಹಂತದ ರೌಡಿಗಳು ಹೆಚ್ಚಾಗಿ ಗರಡಿಮನೆ, ಪೇಟೆ ಮತ್ತು ಮಾರುಕಟ್ಟೆಗಳ ಪರಿಸರದಿಂದ ಬಂದವರು. ಅವರ ಪ್ರಭಾವ ತಮ್ಮ ತಮ್ಮ ಬಡಾವಣೆಗಳಿಗೆ ಸೀಮಿತವಾಗಿತ್ತು. ಈ ಪೀಳಿಗೆಯಲ್ಲಿ ಕೊಡಿಗೇಹಳ್ಳಿ ಮುನೇಗೌಡನ ಹೆಸರು ಮುಖ್ಯವಾಗಿ ಕೇಳಿಬರುತ್ತದೆ.

1970ರ ದಶಕದಲ್ಲಿ ಎಂ. ಪಿ. ಜಯರಾಜ್ ಪ್ರಬಲನಾದನು. ಅಂದಿನ ಆಡಳಿತ ಪಕ್ಷದ ನಂಟಿದ್ದ 'ಇಂದಿರಾ ಬ್ರಿಗೇಡ್' ಮೂಲಕ ಆತನಿಗೆ ರಾಜಕೀಯ ಸಂಪರ್ಕ ದೊರೆಯಿತು. ಬಡಾವಣೆಯ ಪುಂಡಾಟಿಕೆ ನಗರವ್ಯಾಪಿ ಜಾಲವಾಗಿ ಮಾರ್ಪಡಲು ಇಂತಹ ರಾಜಕೀಯ ಆಶ್ರಯವೇ ಮುಖ್ಯ ಕಾರಣವಾಯಿತು. ಚುನಾವಣೆ ಮತ್ತು ಸಭೆಗಳಲ್ಲಿ ತೋಳ್ಬಲ ಬೇಕಾದವರು ರಕ್ಷಣೆ ನೀಡಿದರು. ರಕ್ಷಣೆ ಪಡೆದವರು ಹಫ್ತಾ ವಸೂಲಿಯನ್ನು ವಿಸ್ತರಿಸಿದರು.

1980ರ ದಶಕದ ಸಂಘರ್ಷ

1980ರ ದಶಕದಲ್ಲಿ ಕೊತ್ವಾಲ್ ರಾಮಚಂದ್ರ ಜಯರಾಜ್‌ಗೆ ಪ್ರತಿಸ್ಪರ್ಧಿಯಾಗಿ ಬೆಳೆದನು. 1986ರಲ್ಲಿ ಕೊತ್ವಾಲನ ಹತ್ಯೆಯಾಯಿತು. ಈ ಘಟನೆಯ ಹಿನ್ನೆಲೆಯನ್ನು ಅಗ್ನಿ ಶ್ರೀಧರ್ ಅವರು 'ದಾದಾಗಿರಿಯ ದಿನಗಳು' ಎಂಬ ಆತ್ಮಕಥನದಲ್ಲಿ ವಿವರಿಸಿದ್ದಾರೆ. 1989ರಲ್ಲಿ ಜಯರಾಜ್, 1990ರಲ್ಲಿ ಇಂಧನ ದಂಧೆಯ ಕಾರಣದಿಂದ ಆ ಅಡ್ಡಹೆಸರು ಪಡೆದಿದ್ದ ಆಯಿಲ್ ಕುಮಾರ್ ಕೊಲೆಯಾದರು.

ಇದಾದ ಬಳಿಕ ದಕ್ಷಿಣ ಕನ್ನಡದ ಪುತ್ತೂರು ಮೂಲದ ಮುತ್ತಪ್ಪ ರೈ ಅವರ ಹೆಸರು ಮುನ್ನೆಲೆಗೆ ಬಂದಿತು. ವಿದೇಶದಲ್ಲಿ ನೆಲೆಸಿದ್ದ ಅವರನ್ನು 2002ರಲ್ಲಿ ದುಬೈನಿಂದ ಭಾರತಕ್ಕೆ ಗಡೀಪಾರು ಮಾಡಲಾಯಿತು. ನಂತರ ತಮ್ಮ ಮೇಲಿದ್ದ ಪ್ರಕರಣಗಳಲ್ಲಿ ಖುಲಾಸೆಗೊಂಡ ಅವರು 'ಜಯ ಕರ್ನಾಟಕ' ಸಂಘಟನೆಯನ್ನು ಸ್ಥಾಪಿಸಿದರು. 2020ರ ಮೇ 15ರಂದು ಅವರು ನಿಧನರಾದರು.

ಕಳ್ಳಭಟ್ಟಿ ಮತ್ತು ಛಾಪಾ ಕಾಗದ

ಸಂಘಟಿತ ಅಪರಾಧದ ಹಾನಿ ತಂಡಗಳ ನಡುವಿನ ಕೊಲೆಗಳಿಗೆ ಸೀಮಿತವಾಗಿರಲಿಲ್ಲ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಯುಕ್ತ ಮದ್ಯ ಸೇವಿಸಿ 300ಕ್ಕೂ ಹೆಚ್ಚು ಜನರು ಮೃತಪಟ್ಟರು. ಅವರಲ್ಲಿ ಬಹುಪಾಲು ಬಡ ಕೂಲಿಕಾರರು. ಕರ್ನಾಟಕ ಸರ್ಕಾರವು 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಷೇಧಿಸಿತು. ಆದರೆ 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ನೆರೆಯ ತಮಿಳುನಾಡಿನ ಕೃಷ್ಣಗಿರಿ ಭಾಗಗಳಲ್ಲಿ ಕಳ್ಳಭಟ್ಟಿಯಿಂದ ಮತ್ತೆ 100ಕ್ಕೂ ಹೆಚ್ಚು ಸಾವುಗಳು ಸಂಭವಿಸಿದವು.

ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ ನಡೆಸಿದ ನಕಲಿ ಛಾಪಾ ಕಾಗದದ ಜಾಲವು ಹಲವು ರಾಜ್ಯಗಳಿಗೆ ಹರಡಿತ್ತು. 2001ರಲ್ಲಿ ಆತನ ಬಂಧನವಾಯಿತು. 2007ರಲ್ಲಿ 30 ವರ್ಷಗಳ ಸೆರೆವಾಸ ವಿಧಿಸಲಾಯಿತು. ಬೆಂಗಳೂರಿನ ಪರಪ್ಪನ ಅಗ್ರಹಾರ ಕಾರಾಗೃಹದ ಕೈದಿಯಾಗಿದ್ದ ಆತ 2017ರ ಅಕ್ಟೋಬರ್‌ನಲ್ಲಿ ಆಸ್ಪತ್ರೆಯಲ್ಲಿ ಮರಣ ಹೊಂದಿದನು.

ಗ್ರಾಮಾಂತರ ಪ್ರದೇಶಕ್ಕೆ ವಿಸ್ತರಣೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯು 1986ರಲ್ಲಿ ರಚನೆಯಾಯಿತು. ಇಂದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ಇದರ ತಾಲ್ಲೂಕುಗಳು. ಮಾಹಿತಿ ತಂತ್ರಜ್ಞಾನ ಉದ್ಯಮದ ಬೆಳವಣಿಗೆ, 2008ರಲ್ಲಿ ದೇವನಹಳ್ಳಿ ಬಳಿ ಆರಂಭವಾದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಮತ್ತು ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಜೋಡಿಸುವ ಉಪನಗರ ವರ್ತುಲ ರಸ್ತೆಗಳಿಂದ ಇಲ್ಲಿನ ಭೂಮಿಯ ಬೆಲೆ ಏರಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಂತಹ ಮಳೆಯಾಶ್ರಿತ ರಾಗಿ ಬೆಳೆಯುವ ಪ್ರದೇಶಗಳೂ ಈ ಮಾರುಕಟ್ಟೆಯ ಅಂಚಿಗೆ ಬಂದವು.

ಭೂಗಳ್ಳತನವು ಸಾಮಾನ್ಯವಾಗಿ ದಾಖಲೆಗಳ ದೋಷವನ್ನು ಅವಲಂಬಿಸಿದೆ. ತಾತನ ಹೆಸರಿನಲ್ಲೇ ಉಳಿದ ಪಹಣಿ, ಪೋಡಿಯಾಗದ ಜಂಟಿ ಸರ್ವೆ ನಂಬರು, ಗಡಿ ಗುರುತಿಲ್ಲದ ಗೋಮಾಳ ಮತ್ತು ಅನುಪಸ್ಥಿತ ಮಾಲೀಕರ ಜಮೀನುಗಳು ಸುಲಭವಾಗಿ ಗುರಿಯಾಗುತ್ತವೆ. ದೂರದ ವಾರಸುದಾರನೊಬ್ಬನಿಂದ ಅಧಿಕಾರ ಪತ್ರ ಬರೆಸಿಕೊಳ್ಳುವುದು, ಸುಳ್ಳು ವ್ಯಕ್ತಿಯನ್ನು ನಿಲ್ಲಿಸಿ ಕ್ರಯಪತ್ರ ನೋಂದಾಯಿಸುವುದು, ಬಳಿಕ ಬೇಲಿ ಹಾಕಿ ಸ್ವಾಧೀನ ಸಾಧಿಸುವುದು ಇದರ ಕ್ರಮ. ನಿಜವಾದ ಮಾಲೀಕನು ಸಿವಿಲ್ ನ್ಯಾಯಾಲಯಕ್ಕೆ ಹೋದರೆ ತೀರ್ಪಿಗೆ ವರ್ಷಗಳು ಹಿಡಿಯುತ್ತವೆ. ಈ ವಿಳಂಬವೇ 'ಸೆಟಲ್‌ಮೆಂಟ್' ದಂಧೆಯ ಬಂಡವಾಳ: ಅಲ್ಪ ಬೆಲೆಗೆ ಜಮೀನು ಬಿಟ್ಟುಕೊಡುವುದೇ ಲೇಸೆಂಬ ಸ್ಥಿತಿಗೆ ಸಣ್ಣ ಹಿಡುವಳಿದಾರನು ಬರುತ್ತಾನೆ. ಕೆರೆಯಂಗಳದ ಮಣ್ಣನ್ನು ತೊಳೆದು ತಯಾರಿಸುವ 'ಫಿಲ್ಟರ್ ಮರಳು' ಈ ಭಾಗದ ಇನ್ನೊಂದು ಅಕ್ರಮ ದಂಧೆ. ಇದರಿಂದ ಕೆರೆಗಳ ಸ್ವರೂಪವೇ ಹಾಳಾಗುತ್ತದೆ.

ಬೆಂಗಳೂರು ನಗರ ಜಿಲ್ಲೆಯ ಭೂ ಒತ್ತುವರಿಗಳ ಕುರಿತು ಎ. ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಹಾಗೂ ನಂತರ ವಿ. ಬಾಲಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆ ವರದಿಗಳನ್ನು ಸಲ್ಲಿಸಿದವು. ಪ್ರಭಾವಿಗಳು ಮತ್ತು ಅಧಿಕಾರಿಗಳ ಸಹಕಾರವಿಲ್ಲದೆ ಇಂತಹ ಒತ್ತುವರಿ ಸಾಧ್ಯವಿಲ್ಲವೆಂಬ ವಿಷಯವು ಈ ವರದಿಗಳಿಂದ ಸಾರ್ವಜನಿಕ ಚರ್ಚೆಗೆ ಬಂದಿತು.

ಕಾನೂನು ಕ್ರಮಗಳು

1985ರ 'ಗೂಂಡಾ ಕಾಯ್ದೆ'ಯು ಕಳ್ಳಭಟ್ಟಿ ವ್ಯಾಪಾರಿಗಳು, ಮಾದಕವಸ್ತು ಅಪರಾಧಿಗಳು, ಜೂಜುಕೋರರು, ಗೂಂಡಾಗಳು ಮೊದಲಾದವರನ್ನು ಗರಿಷ್ಠ 12 ತಿಂಗಳು ಮುಂಜಾಗ್ರತಾ ಬಂಧನದಲ್ಲಿಡಲು ಅವಕಾಶ ನೀಡುತ್ತದೆ.

ಮಹಾರಾಷ್ಟ್ರದ 1999ರ ಕಾಯ್ದೆಯನ್ನು ಅನುಸರಿಸಿ ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಅಧಿನಿಯಮ, 2000 ರೂಪುಗೊಂಡಿತು. ಇದನ್ನು 'ಕೋಕಾ' ಎಂದು ಕರೆಯುತ್ತಾರೆ. ಪೊಲೀಸ್ ವರಿಷ್ಠಾಧಿಕಾರಿ ಅಥವಾ ಮೇಲಿನ ದರ್ಜೆಯ ಅಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆ ಇದರಡಿ ಸಾಕ್ಷ್ಯವಾಗಬಲ್ಲದು. ಜಾಮೀನಿಗೆ ಕಠಿಣ ಷರತ್ತುಗಳಿವೆ. 2017ರ ಗೌರಿ ಲಂಕೇಶ್ ಹತ್ಯೆ ಪ್ರಕರಣದಲ್ಲಿ ಒಬ್ಬ ಆರೋಪಿಯ ಮೇಲಿನ ಕೋಕಾ ಆರೋಪಗಳನ್ನು ಹೈಕೋರ್ಟ್ ರದ್ದುಗೊಳಿಸಿತ್ತು. 2021ರಲ್ಲಿ ಸುಪ್ರೀಂ ಕೋರ್ಟ್ ಅವನ್ನು ಮರುಸ್ಥಾಪಿಸಿತು. ಅಂಕೋಲಾದ ಉದ್ಯಮಿ ಆರ್. ಎನ್. ನಾಯಕ್ ಅವರ 2013ರ ಹತ್ಯೆ ಪ್ರಕರಣದಲ್ಲಿ ಬೆಳಗಾವಿಯ ವಿಶೇಷ ನ್ಯಾಯಾಲಯವು 2022ರಲ್ಲಿ ಬನ್ನಂಜೆ ರಾಜಾ ಮತ್ತು ಇತರರನ್ನು ಅಪರಾಧಿಗಳೆಂದು ತೀರ್ಮಾನಿಸಿತು. ವಿದೇಶದಿಂದ ಬೆದರಿಕೆ ಕರೆಗಳ ಮೂಲಕ ಸುಲಿಗೆ ನಡೆಸುತ್ತಿದ್ದ ಆರೋಪವಿರುವ ರವಿ ಪೂಜಾರಿಯನ್ನು 2020ರ ಫೆಬ್ರವರಿಯಲ್ಲಿ ಸೆನೆಗಲ್‌ನಿಂದ ಕರೆತರಲಾಯಿತು.

ಕರ್ನಾಟಕ ಭೂ ಕಬಳಿಕೆ ನಿಷೇಧ ಅಧಿನಿಯಮ, 2011ರ ಅಡಿಯಲ್ಲಿ ವಿಶೇಷ ನ್ಯಾಯಾಲಯ ಕಾರ್ಯನಿರ್ವಹಿಸುತ್ತಿದೆ. ಸರ್ಕಾರ, ಸ್ಥಳೀಯ ಸಂಸ್ಥೆ, ವಕ್ಫ್ ಮತ್ತು ಮುಜರಾಯಿ ಸಂಸ್ಥೆಗಳ ಜಮೀನಿಗೆ ಮಾತ್ರ ಇದು ಅನ್ವಯಿಸುವುದರಿಂದ ರೈತನ ಖಾಸಗಿ ಹಿಡುವಳಿಗೆ ಇದರ ರಕ್ಷಣೆಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೆಯ ಕಲಂ ಸಂಘಟಿತ ಅಪರಾಧದ ವ್ಯಾಖ್ಯೆಯಲ್ಲಿ ಸುಲಿಗೆ, ಸುಪಾರಿ ಕೊಲೆ ಮತ್ತು ಸೈಬರ್ ಅಪರಾಧಗಳೊಂದಿಗೆ ಭೂ ಕಬಳಿಕೆಯನ್ನೂ ಸೇರಿಸಿದೆ. ಸರ್ಕಾರಿ ಜಮೀನು, ಖಾಸಗಿ ಜಮೀನು ಎಂಬ ಭೇದವನ್ನು ಈ ಕಲಂ ಮಾಡಿಲ್ಲ. ಆದರೆ ಹಿಂದಿನ 10 ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಆರೋಪಪಟ್ಟಿ ಸಲ್ಲಿಕೆಯಾಗಿರಬೇಕೆಂಬ ಷರತ್ತಿದೆ. ಆದ್ದರಿಂದ ಹೆದರಿ ದೂರು ನೀಡದ ಅಥವಾ ರಾಜಿಯಲ್ಲಿ ಮುಗಿದ ಪ್ರಕರಣಗಳು ಲೆಕ್ಕಕ್ಕೆ ಬರುವುದಿಲ್ಲ.

ಜನಪ್ರಿಯ ಸಂಸ್ಕೃತಿಯಲ್ಲಿ

ಉಪೇಂದ್ರ ನಿರ್ದೇಶನದ 'ಓಂ' (1995) ಚಿತ್ರದಲ್ಲಿ ನಿಜಜೀವನದ ಕೆಲವು ರೌಡಿಗಳೂ ಕಾಣಿಸಿಕೊಂಡಿದ್ದರು. ಅಗ್ನಿ ಶ್ರೀಧರ್ ಅವರ ಕೃತಿಯನ್ನು ಆಧರಿಸಿದ 'ಆ ದಿನಗಳು' (2007) ಚಿತ್ರವನ್ನು ಕೆ. ಎಂ. ಚೈತನ್ಯ ನಿರ್ದೇಶಿಸಿದರು. ಅವರ 'ಎದೆಗಾರಿಕೆ'ಯನ್ನು ಸುಮನಾ ಕಿತ್ತೂರು 2012ರಲ್ಲಿ ತೆರೆಗೆ ತಂದರು. ಈ ಚಿತ್ರಗಳ ಕೇಂದ್ರದಲ್ಲಿ ಸಾಮಾನ್ಯವಾಗಿ ರೌಡಿಯ ಬದುಕಿದೆ. ಹಫ್ತಾ ಕೊಟ್ಟ ವ್ಯಾಪಾರಿ, ಜಮೀನು ಕಳೆದುಕೊಂಡ ಕುಟುಂಬಗಳ ಅನುಭವಕ್ಕೆ ದೊರೆತಿರುವ ಸ್ಥಾನ ಕಡಿಮೆ.