ನೆನಪಿನ ಲೆಕ್ಕ ತಪ್ಪಿದಾಗ: ಕರ್ನೆಲ್ ಸ್ಮೃತಿಯ ಇತಿಹಾಸ

ಮಗ್ಗಕ್ಕೆ ಹಾಸು ಏರಿಸುವಾಗ ಒಂದು ಎಳೆ ತಪ್ಪಿದರೆ, ಆ ತಪ್ಪು ಸೀರೆಯ ಉದ್ದಕ್ಕೂ ಕಾಣುತ್ತದೆ. ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸುವುದೂ ಇಂಥದೇ ಕೆಲಸ. ಅರ್ಧ ದಾರಿಯಲ್ಲಿ ಪರದೆ ಕಪ್ಪಾಗಿ 'ಕರ್ನೆಲ್ ಪ್ಯಾನಿಕ್' ಎಂಬ ಸಾಲು ಮೂಡಿದರೆ, ಯಂತ್ರವೇ ಹಾಳಾಯಿತೆಂದು ಅದನ್ನು ಮೂಲೆಗೆ ತಳ್ಳುವವರುಂಟು. ಆದರೆ ಎಷ್ಟೋ ಸಲ ಕೆಟ್ಟಿರುವುದು ಯಂತ್ರವಲ್ಲ, ಸ್ಮೃತಿಯ ಲೆಕ್ಕ.

ಇದು ಬರೀ ಹವ್ಯಾಸಿಗಳ ತೊಂದರೆಯಲ್ಲ. 2002ರ ಹೊತ್ತಿಗೆ 'ಭೂಮಿ' ಯೋಜನೆಯಲ್ಲಿ ಕರ್ನಾಟಕದ ಎಲ್ಲ ತಾಲ್ಲೂಕು ಕಚೇರಿಗಳಲ್ಲೂ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಜಮಖಂಡಿ, ಮುಧೋಳ, ಬೀಳಗಿಯ ರೈತರು ಸಾಲಕ್ಕೂ ಮಾರಾಟಕ್ಕೂ ಮುದ್ರಿತ ಪಹಣಿಯನ್ನೇ ಒಯ್ಯಬೇಕಾಯಿತು. ಆಗ ಜಮಖಂಡಿ ತಾಲ್ಲೂಕಿಗೇ ಸೇರಿದ್ದ ರಬಕವಿ-ಬನಹಟ್ಟಿಯವರದೂ ಇದೇ ಸ್ಥಿತಿ. ಯಂತ್ರ ನಿಂತರೆ ಸರದಿಯೂ ನಿಲ್ಲುತ್ತದೆ. ಅದನ್ನು ಮತ್ತೆ ನಡೆಸಬಲ್ಲ ತಿಳಿವಳಿಕೆ ಊರಿನಲ್ಲೇ ಇದ್ದರೆ ಎಷ್ಟು ಅನುಕೂಲ!

ನೇಯ್ದ ನೆನಪು

ಕಾರ್ಯಾಚರಣ ವ್ಯವಸ್ಥೆಯ ತಿರುಳೇ ಕರ್ನೆಲ್. ಯಾವ ಕೆಲಸಕ್ಕೆ ಎಷ್ಟು ಸ್ಮೃತಿ ಕೊಡಬೇಕೆಂದು ಹಂಚುವುದು ಅದರ ಹೊಣೆ. ಹಂಚಬೇಕಾದರೆ ಮೊದಲು ಎಣಿಸಬೇಕು.

ಆರಂಭದ ಕಂಪ್ಯೂಟರುಗಳಲ್ಲಿ ಈ ಎಣಿಕೆ ಸುಲಭವಾಗಿತ್ತು. ಆಗಿನ ಸ್ಮೃತಿ ನಿಜವಾಗಿಯೂ ನೇಯ್ಗೆಯಂತೆ ಇತ್ತು: ಸಣ್ಣ ಫೆರೈಟ್ ಉಂಗುರಗಳ ಮೂಲಕ ಉದ್ದಕ್ಕೂ ಅಡ್ಡಕ್ಕೂ ತಂತಿ ಪೋಣಿಸುತ್ತಿದ್ದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸ ಆರಂಭಿಸಿದ 'ಟಿಫ್ರಾಕ್'ನಲ್ಲಿ ಇಂಥದೇ ಸ್ಮೃತಿಯಿತ್ತು. 40 ಬಿಟ್‌ಗಳ 2048 ಪದಗಳು, ಅಂದರೆ ಇಂದಿನ ಲೆಕ್ಕದಲ್ಲಿ ಬರೀ 10 ಕೆ.ಬಿ. ಈ ಉಂಗುರಗಳಿಗೆ 'ಕೋರ್' ಎಂದು ಹೆಸರು. ಉಂಗುರಗಳು ಹೋದರೂ ಹೆಸರು ಉಳಿದಿದೆ. ಕೆಟ್ಟು ನಿಂತ ಕಾರ್ಯಕ್ರಮದ ಸ್ಮೃತಿಯ ನಕಲನ್ನು ಯುನಿಕ್ಸ್ ಬಳಗದಲ್ಲಿ ಇಂದಿಗೂ 'ಕೋರ್ ಡಂಪ್' ಎನ್ನುತ್ತಾರೆ.

ಎಣಿಕೆಯ ಗೋಡೆಗಳು

1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯ 8088 ಸಂಸ್ಕಾರಕಕ್ಕೆ 20 ವಿಳಾಸ ತಂತಿಗಳು. ಹೀಗಾಗಿ ಅದು 1 ಎಂ.ಬಿ.ಗಿಂತ ಹೆಚ್ಚನ್ನು ಕಾಣಲಾರದು. ಅದರಲ್ಲೂ ಕಾರ್ಯಕ್ರಮಗಳಿಗೆ ದಕ್ಕಿದ್ದು 640 ಕೆ.ಬಿ. ಉಳಿದ ಜಾಗ ಪರದೆಗೂ ಬಯಾಸ್‌ಗೂ ಮೀಸಲು. 1985ರ 80386 ಸಂಸ್ಕಾರಕಕ್ಕೆ ಈ ಗೋಡೆ ಇರಲಿಲ್ಲ. ಅದೇ ಸಂಸ್ಕಾರಕಕ್ಕಾಗಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನೆಲ್ ಬರೆದ.

ಆ ವರ್ಷವೇ ಜರ್ಮನಿಯ ಬಳಕೆದಾರನೊಬ್ಬನ ತೊಂದರೆ ಅವನ ಗಮನಕ್ಕೆ ಬಂತು. ಅವನ ಯಂತ್ರದಲ್ಲಿದ್ದುದು 2 ಎಂ.ಬಿ. ಮಾತ್ರ; ಕರ್ನೆಲ್ಲನ್ನು ಕಂಪೈಲ್ ಮಾಡಲು ಅದು ಸಾಲದು. ಸ್ಮೃತಿ ಸಾಲದಾದಾಗ ಅದರ ಪುಟಗಳನ್ನು ಡಿಸ್ಕಿಗೆ ಸಾಗಿಸುವ ವ್ಯವಸ್ಥೆಯನ್ನು ಟೋರ್ವಾಲ್ಡ್ಸ್ ಡಿಸೆಂಬರಿನಲ್ಲಿ ಬರೆದ. 1992ರ ಜನವರಿಯ 0.12 ಆವೃತ್ತಿಯಲ್ಲಿ ಅದು ಹೊರಬಂತು. ಬಡ ಯಂತ್ರದ ಒಬ್ಬ ಬಳಕೆದಾರನಿಂದಾಗಿ ಲಿನಕ್ಸ್‌ಗೆ 'ಸ್ವಾಪ್' ದಕ್ಕಿತು.

ಆದರೆ ಅಳವಡಿಕೆಯ ಹೊತ್ತಿನಲ್ಲಿ ಈ ನೆರವು ಇನ್ನೂ ಸಿಕ್ಕಿರುವುದಿಲ್ಲ. ಡಿಸ್ಕಿನಲ್ಲಿ ವಿಭಾಗಗಳೇ ಆಗಿರುವುದಿಲ್ಲ. ಅಳವಡಿಸುವ ಕಾರ್ಯಕ್ರಮವೇ ರ್ಯಾಮ್‌ನಲ್ಲಿ ಡಿಸ್ಕಿನಂತೆ ಜಾಗ ಹಿಡಿದಿರುತ್ತದೆ. ಲಿನಕ್ಸ್ ಕರ್ನೆಲ್‌ನ ಸ್ವಂತ ಸ್ಮೃತಿಯಂತೂ ಎಂದೂ ಡಿಸ್ಕಿಗೆ ಹೋಗದು. ಕಂಪ್ಯೂಟರ್ ಅತ್ಯಂತ ಬಡವಾಗಿರುವ ಗಳಿಗೆ ಇದೇ. ಎಂದೇ ದೋಷಗಳು ಮೊದಲು ಇಲ್ಲಿಯೇ ಕಾಣುತ್ತವೆ.

1990ರ ದಶಕದಲ್ಲಿ ಪಿ.ಸಿ. ಕ್ವೆಸ್ಟ್ ಪತ್ರಿಕೆ ಹಂಚಿದ ಸಿ.ಡಿ.ಗಳಿಂದ ಭಾರತದ ಅನೇಕರು ಲಿನಕ್ಸ್ ಕಲಿತರು. ಆಗ ಇನ್ನೊಂದು ಗೋಡೆ ಎದುರಾಯಿತು. ಹಳೆಯ ಬಯಾಸ್ ಕರೆ ಸ್ಮೃತಿಯನ್ನು 16 ಬಿಟ್‌ಗಳ ಅಂಕಿಯಲ್ಲಿ, ಕೆ.ಬಿ. ಲೆಕ್ಕದಲ್ಲಿ ಹೇಳುತ್ತಿತ್ತು. ಹಾಗಾಗಿ 64 ಎಂ.ಬಿ.ಗಿಂತ ಹೆಚ್ಚನ್ನು ಅದು ಹೇಳಲಾರದು. 128 ಎಂ.ಬಿ. ಹಾಕಿಸಿದವರು 'ಮೆಮ್=128ಎಂ' ಎಂಬ ಸೂಚನೆಯನ್ನು ತಾವೇ ಕೊಡಬೇಕಾಗಿತ್ತು. ಇಲ್ಲಿಯೂ ಒಂದು ಬಲೆ: ಮದರ್‌ಬೋರ್ಡಿನ ಚಿತ್ರವ್ಯವಸ್ಥೆ ಅದೇ ಸ್ಮೃತಿಯಿಂದ 8 ಎಂ.ಬಿ. ತೆಗೆದುಕೊಂಡಿದ್ದರೆ ಉಳಿಯುವುದು 120 ಮಾತ್ರ. ಇಲ್ಲದ ಸ್ಮೃತಿಯನ್ನು ಇದೆಯೆಂದು ನಂಬಿದ ಕರ್ನೆಲ್ ಮುಗ್ಗರಿಸುತ್ತಿತ್ತು. ಯಾವ ಭಾಗ ಬಳಸಬಹುದು, ಯಾವುದು ಮೀಸಲು ಎಂದು ಪಟ್ಟಿಯನ್ನೇ ಕೊಡುವ 'ಇ820' ಕರೆ ಬಳಕೆಗೆ ಬಂದ ಮೇಲೆ ಈ ತಾಪತ್ರಯ ಕಡಿಮೆಯಾಯಿತು.

ದೋಷ ಹುಡುಕುವ ಕ್ರಮ

ಈ ಇತಿಹಾಸವೇ ನಮಗೆ ಕ್ರಮವನ್ನೂ ಕಲಿಸುತ್ತದೆ. ಅಳವಡಿಕೆ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುವುದೇ ಎಂದು ಮೊದಲು ಗಮನಿಸಿ. ಒಂದೇ ಜಾಗವಾದರೆ ಬಹುಮಟ್ಟಿಗೆ ತಪ್ಪು ಸಿ.ಡಿ.ಯಲ್ಲಿ ಅಥವಾ ಕರ್ನೆಲ್‌ನ ಎಣಿಕೆಯಲ್ಲಿ. ಸಲಕ್ಕೊಂದು ಜಾಗವಾದರೆ ಅನುಮಾನ ರ್ಯಾಮ್ ಪಟ್ಟಿಯ ಮೇಲೆ, ಇಲ್ಲವೇ ಬಿಸಿಯ ಮೇಲೆ. ಬಯಲುಸೀಮೆಯ ಬೇಸಿಗೆ ಮತ್ತು ಮಗ್ಗದ ಊರಿನ ಹತ್ತಿಯ ಧೂಳು ಎರಡೂ ಕಂಪ್ಯೂಟರಿಗೆ ಹಿತವಲ್ಲ. ವಿದ್ಯುತ್ ಸಂಪರ್ಕ ತಪ್ಪಿಸಿ, ಪಟ್ಟಿಯನ್ನು ತೆಗೆದು, ಅದರ ಲೋಹದ ಅಂಚನ್ನು ಒಣಬಟ್ಟೆಯಿಂದ ಒರೆಸಿ, ಮತ್ತೆ ಬಿಗಿಯಾಗಿ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ.

ಆಮೇಲೆ ಮೆಮ್‌ಟೆಸ್ಟ್86 ನಡೆಸಿ. ಕ್ರಿಸ್ ಬ್ರೇಡಿ 1990ರ ದಶಕದಲ್ಲಿ ಬರೆದ ಈ ಕಾರ್ಯಕ್ರಮಕ್ಕೆ ಬೇರೆ ಯಾವ ವ್ಯವಸ್ಥೆಯೂ ಬೇಡ. ರಾತ್ರಿಯಿಡೀ ಓಡಲು ಬಿಟ್ಟರೆ ಒಳ್ಳೆಯದು. ಅದು ದೋಷ ತೋರಿಸದಿದ್ದರೆ, ಇರುವುದಕ್ಕಿಂತ ತುಸು ಕಡಿಮೆ 'ಮೆಮ್' ಕೊಟ್ಟು ನೋಡಿ. ಸ್ಮೃತಿಯೇ ಕಡಿಮೆಯಿದ್ದರೆ ಚಿತ್ರಗಳಿಲ್ಲದ ಅಕ್ಷರ ವಿಧಾನ ಆರಿಸಿ. ಡಿಸ್ಕ್ ವಿಂಗಡಿಸಿದೊಡನೆ ಸ್ವಾಪ್ ಸಕ್ರಿಯಗೊಳಿಸಿ.

2012ರ ಕೊನೆಯಲ್ಲಿ 386ರ ಬೆಂಬಲವನ್ನೇ ಲಿನಕ್ಸ್‌ನಿಂದ ತೆಗೆದುಹಾಕಲಾಯಿತು. ಇಂದಿನ ಯಂತ್ರಗಳಲ್ಲಿ ಸ್ಮೃತಿಯನ್ನು ಗಿಗಾಬೈಟ್‌ಗಳಲ್ಲಿ ಎಣಿಸುತ್ತೇವೆ. ಆದರೂ ಮೊದಲ ಕೆಲಸ ಹಾಗೆಯೇ ಉಳಿದಿದೆ: ಇರುವುದೆಷ್ಟು, ಅದರಲ್ಲಿ ಕೆಟ್ಟಿದ್ದೆಷ್ಟು ಎಂದು ಅರಿಯುವುದು. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಆ ಎಣಿಕೆಗೆ ಒಂದು ರಾತ್ರಿ ಕೊಟ್ಟರೆ, ಯಾವುದೋ ಶಾಲೆಗೆ ಒಂದು ಕಂಪ್ಯೂಟರ್ ಉಳಿಯಬಹುದು.