ಕಲ್ಹೇರ್ ಸೀಮೆಯಲ್ಲಿ ಕೈಗೆಟಕುವ ಫೋನು, ಇಂಟರ್ನೆಟ್

ಕಲ್ಹೇರ್ ತೆಲಂಗಾಣದ ನಾರಾಯಣಖೇಡ ಭಾಗದ ಒಂದು ಮಂಡಲ. 2016ರ ಅಕ್ಟೋಬರ್‌ವರೆಗೆ ಮೇದಕ್ ಜಿಲ್ಲೆಯಲ್ಲಿತ್ತು, ಈಗ ಸಂಗಾರೆಡ್ಡಿಗೆ ಸೇರಿದೆ. ಈ ಸೀಮೆಯ ಪಡುವಣಕ್ಕೆ ಬೀದರ್ ಜಿಲ್ಲೆ. ಬ್ಯಾಂಕಿನ ವ್ಯವಹಾರಕ್ಕೂ ಸರ್ಕಾರಿ ಅರ್ಜಿಗೂ ಒಟಿಪಿ ಬೇಕಾದ ಈ ಕಾಲದಲ್ಲಿ ರೀಚಾರ್ಜ್ ಮುಗಿದ ಫೋನು ಬಡವರಿಗೆ ನಿಜವಾದ ನಷ್ಟ.

ಗಡಿಯ ಟವರು

ರಾಜ್ಯ ಬೇರೆಯಾಗಿ ವರ್ಷಗಳೇ ಕಳೆದರೂ ದೂರಸಂಪರ್ಕದ ಲೆಕ್ಕದಲ್ಲಿ ತೆಲಂಗಾಣ ಇನ್ನೂ ಆಂಧ್ರಪ್ರದೇಶ ವಲಯದಲ್ಲೇ ಇದೆ. ಬೀದರ್ ಕರ್ನಾಟಕ ವಲಯದ್ದು. ಹಿಂದೆ ಗಡಿಯ ಹೊಲದಲ್ಲಿ ನಿಂತ ಫೋನು ಆಚೆಯ ಟವರನ್ನು ಹಿಡಿದರೆ ರೋಮಿಂಗ್ ದುಡ್ಡು ಬೀಳುತ್ತಿತ್ತು. 2015ರ ಜೂನ್‌ನಲ್ಲಿ ಬಿಎಸ್‌ಎನ್‌ಎಲ್ ರೋಮಿಂಗ್‌ನಲ್ಲಿ ಒಳಬರುವ ಕರೆಯನ್ನು ಉಚಿತ ಮಾಡಿತು. ಮರುವರ್ಷ ಜಿಯೋ ರೋಮಿಂಗ್ ಶುಲ್ಕವಿಲ್ಲದೆ ಬಂದಿತು, ಮಿಕ್ಕವರೂ ಅದೇ ಹಾದಿ ಹಿಡಿದರು. 2015ರ ಜುಲೈನಿಂದ ವಲಯ ದಾಟಿದರೂ ನಂಬರ್ ಉಳಿಸಿಕೊಳ್ಳಬಹುದು. ಬೀದರ್ ಕಡೆಯಿಂದ ಲಗ್ನವಾಗಿ ಬಂದ ಹೆಣ್ಣುಮಗಳು ತವರಿನ ನಂಬರನ್ನೇ ಇಟ್ಟುಕೊಂಡು ಇಲ್ಲಿ ಸಿಗ್ನಲ್ ಸಿಗುವ ಕಂಪನಿಗೆ ಬದಲಾಯಿಸಿಕೊಳ್ಳಲು ಅಡ್ಡಿಯಿಲ್ಲ.

ಯಾವ ಸಿಮ್?

ಎಲ್ಲಕ್ಕಿಂತ ಅಗ್ಗದ ಪ್ಯಾಕ್ ಕೂಡ ಸಿಗ್ನಲ್ ಇಲ್ಲದ ಮನೆಯಲ್ಲಿ ದುಬಾರಿಯೇ. 700, 850, 900 ಮೆಗಾಹರ್ಟ್ಸ್‌ನ ಅಲೆಗಳು ದೂರ ಹೋಗುತ್ತವೆ, ಗೋಡೆಯನ್ನೂ ದಾಟುತ್ತವೆ; 2300ರವು ಬೇಗ ಸೋಲುತ್ತವೆ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2024ರ ನಿಯಮದಂತೆ ಪ್ರತಿ ಕಂಪನಿಯೂ ಸಿಗ್ನಲ್ ಸಿಗುವ ಜಾಗಗಳ ನಕಾಶೆಯನ್ನು ತನ್ನ ಜಾಲತಾಣದಲ್ಲಿ ತೋರಿಸಬೇಕು. ಆದರೂ ಪಕ್ಕದ ಮನೆಯವರ ಸಿಮ್ ಹಾಕಿ ಅಡುಗೆಮನೆಯಲ್ಲೂ ಹೊಲದಲ್ಲೂ ಮಾತಾಡಿ ನೋಡುವುದೇ ನಂಬಿಗಸ್ತ ಪರೀಕ್ಷೆ. ಕಂಪನಿ ಬದಲಾಯಿಸಲು ‘ಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಂಬರ್ ಸೇರಿಸಿ 1900ಕ್ಕೆ ಕಳಿಸಬೇಕು. ಬರುವ ಕೋಡ್ ನಾಲ್ಕು ದಿನ ನಡೆಯುತ್ತದೆ.

ಡೇಟಾ ಬೇಡದವರಿಗೆ

ಕೀಪ್ಯಾಡ್ ಫೋನಿನ ಅಜ್ಜಿಗೆ ದಿನಕ್ಕೆ ಒಂದೂವರೆ ಜಿಬಿ ಯಾಕೆ? ಇದನ್ನೇ ಎತ್ತಿಕೊಂಡು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಬರೀ ಕರೆ ಮತ್ತು ಎಸ್‌ಎಂಎಸ್‌ನ ಪ್ಯಾಕ್ ಕಡ್ಡಾಯ ಮಾಡಿತು. ಇಂಥ ಪ್ಯಾಕಿನ ಅವಧಿ 365 ದಿನದವರೆಗೆ ಇರಬಹುದು. ಅಂಗಡಿಯವರು ಡೇಟಾ ಪ್ಯಾಕನ್ನೇ ಮುಂದಿಟ್ಟರೆ ಇದನ್ನು ಹೆಸರಿಟ್ಟು ಕೇಳಬೇಕು.

ನೀರಿನ ಪೈಪಿನ ಜೊತೆ ಬಂದ ಕೇಬಲ್

ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿದ, ಈಗ ಭಾರತ್‌ನೆಟ್ ಎಂದು ಕರೆಯುವ ಯೋಜನೆಯ ಗುರಿ ಪ್ರತಿ ಗ್ರಾಮ ಪಂಚಾಯಿತಿಗೆ ಫೈಬರ್. ತೆಲಂಗಾಣ ಇದಕ್ಕೆ ಜಾಣ ದಾರಿ ಕಂಡುಕೊಂಡಿತು: ಮಿಷನ್ ಭಗೀರಥದ ಕುಡಿಯುವ ನೀರಿನ ಪೈಪಿಗೆ ತೋಡಿದ ಕಾಲುವೆಯಲ್ಲೇ ತನ್ನ ಫೈಬರ್ ಜಾಲವಾದ ಟಿ-ಫೈಬರ್‌ನ ಕೊಳವೆಯನ್ನೂ ಹಾಕಿತು. ಎರಡು ಸಲ ಅಗೆಯುವ ಖರ್ಚು ತಪ್ಪಿತು. 2024ರ ಡಿಸೆಂಬರ್‌ನಲ್ಲಿ ಮನೆ ಸಂಪರ್ಕದ ಪ್ರಯೋಗಕ್ಕೆ ಆರಿಸಿದ ಊರುಗಳಲ್ಲಿ ಇದೇ ಜಿಲ್ಲೆಯ ಸಂಗುಪೇಟೆಯೂ ಒಂದು.

ಕೇಬಲ್ ಊರು ಮುಟ್ಟುವುದು ಬೇರೆ, ಮನೆ ಹೊಗುವುದು ಬೇರೆ. ಪಂಚಾಯಿತಿ ಕಚೇರಿಯ ಪೆಟ್ಟಿಗೆಯಲ್ಲಿ ನಿಂತುಹೋದ ಫೈಬರ್‌ನಿಂದ ರೈತರಿಗೆ ಫಲವಿಲ್ಲ. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಗೆ ಒಪ್ಪಿಗೆ ಪಡೆದ ಭಾರತ್‌ನೆಟ್ ತಿದ್ದುಪಡಿಯಲ್ಲಿ ಒಂದು ಕಡೆ ತುಂಡಾದರೂ ಮತ್ತೊಂದು ಕಡೆಯಿಂದ ನಡೆಯುವ ಉಂಗುರ ಜೋಡಣೆಯೂ ಹತ್ತು ವರ್ಷದ ನಿರ್ವಹಣೆಯೂ ಸೇರಿವೆ. ಈ ಹಣ ದಾನವಲ್ಲ. ಟೆಲಿಕಾಂ ಕಂಪನಿಗಳ ಹೊಂದಾಣಿಕೆ ಮಾಡಿದ ಒಟ್ಟು ಆದಾಯದ (ಎಜಿಆರ್) ಶೇ. 5ರಷ್ಟು ಇಂಥ ಕೆಲಸಕ್ಕೆಂದೇ ಹೋಗುತ್ತದೆ. ಕಲ್ಹೇರಿನ ಪ್ರತಿ ರೀಚಾರ್ಜಿನಲ್ಲೂ ಅದರ ಪಾಲಿದೆ, ಆದ್ದರಿಂದ ಸಂಪರ್ಕ ಕೇಳುವುದು ಇಲ್ಲಿನವರ ಹಕ್ಕು.

ಅಂಗಡಿಯ ವೈಫೈ

ಮನೆಗೆ ಫೈಬರ್ ಹಾಕಿಸಲಾಗದವರಿಗೆ 2020ರ ಡಿಸೆಂಬರ್‌ನ ಪಿಎಂ-ವಾಣಿ ಯೋಜನೆ ಇದೆ. ಕಿರಾಣಿ ಅಥವಾ ಚಹಾ ಅಂಗಡಿಯವರು ಪರವಾನಗಿಯೂ ಶುಲ್ಕವೂ ಇಲ್ಲದೆ ವೈಫೈಯನ್ನು ಸಣ್ಣ ಸಣ್ಣ ಪ್ಯಾಕಾಗಿ ಮಾರಬಹುದು. ಕಂಪನಿಗಳು ಇಂಥವರಿಂದ ವಿಪರೀತ ದರ ಕೇಳುತ್ತಿದ್ದುದರಿಂದ, ಮನೆಬಳಕೆಯ ದರದ ಎರಡು ಪಟ್ಟು ಮೀರಬಾರದೆಂದು ಟ್ರಾಯ್ 2025ರ ಜೂನ್‌ನಲ್ಲಿ ಮಿತಿ ಹಾಕಿತು. ಹಳ್ಳಿಯ ಅಂಗಡಿಗೆ ಇದು ಗಿಟ್ಟಬೇಕಾದರೆ ಊರಿನವರೆಗಿನ ಕೇಬಲ್ ಕೆಟ್ಟರೆ ಬೇಗ ರಿಪೇರಿಯಾಗಬೇಕು, ಕರೆಂಟ್ ಹೋದಾಗ ವೈಫೈ ಪೆಟ್ಟಿಗೆಗೆ ಬ್ಯಾಟರಿ ಇರಬೇಕು.