ಮೈಸೂರಿನ ಎರಡು ಕೆರೆಗಳು ಮತ್ತು ನೀರಗಂಟಿಯ ಲೆಕ್ಕ

ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದರು ಅಂತ ಎಲ್ಲ ಪುಸ್ತಕಗಳೂ ಹೇಳುತ್ತವೆ. ಕಟ್ಟಿಸಿದರು, ಸರಿ. ಕಟ್ಟಿದವರು ಯಾರು? ಇಷ್ಟು ಕೇಳಿದ ಕೂಡಲೇ ನಮ್ಮ ಚರಿತ್ರೆ ಪುಸ್ತಕಗಳ ಬಾಯಿ ಕಟ್ಟಿಹೋಗುತ್ತದೆ. ಇನ್ನೊಂದು ಮಾತೂ ಇದೆ. ಇದೇ ದೊರೆಯ ಕೈಯಿಂದ 1831ರಲ್ಲೇ ಬ್ರಿಟಿಷರು ಆಡಳಿತ ಕಿತ್ತುಕೊಂಡಿದ್ದರು. 1864ರಲ್ಲಿ ಮೈಸೂರು ಸೀಮೆಯನ್ನು ಆಳುತ್ತಿದ್ದವನು ಕಮಿಷನರ್ ಬೌರಿಂಗ್. ಅಂದರೆ ಅಧಿಕಾರ ಕಳೆದುಕೊಂಡ ದೊರೆಯ ಹೆಸರು ಕೂಡ ಕೆರೆಯ ಮೇಲೆ ಉಳಿಯಿತು. ಮಂಕರಿ ಹೊತ್ತವರದು ಒಂದೇ ಒಂದು ಹೆಸರು ಉಳಿಯಲಿಲ್ಲ.

ಇವತ್ತು ಬೆಳಗಿನ ಜಾವ ಆ ಏರಿಯ ಮೇಲೆ ನಡೆಯುವವರಿಗೆ ಕೆರೆ ಎಂದರೆ ಐದು ಕಿಲೋಮೀಟರಿನ ಒಂದು ಸುತ್ತು, ಮರದ ನೆರಳು, ಹಕ್ಕಿ, ತಂಪು ಗಾಳಿ. ಸಕ್ಕರೆ ಕಾಯಿಲೆಗೆ ಒಳ್ಳೇದು. ನಡೆಯಲಿ, ನಮ್ಮದೇನೂ ತಕರಾರಿಲ್ಲ. ಆದರೆ ಕೆರೆ ಹುಟ್ಟಿದ್ದು ನಡೆಯೋದಕ್ಕಲ್ಲ. ಊರಾಚೆಯ ಸುಮಾರು 10,000 ಎಕರೆ ಭೂಮಿಗೆ ನೀರು ಹರಿಸಬೇಕು ಅಂತ ಅದನ್ನು ಕಟ್ಟಿದ್ದು. ದಿವಾನ್ ಪೂರ್ಣಯ್ಯನ ಹೆಸರಿನ ನಾಲೆ ಮಳೆ ನೀರನ್ನು ಹೊತ್ತು ತಂದು ಇದಕ್ಕೆ ಸುರಿಯುತ್ತಿತ್ತು. ಅಚ್ಚುಕಟ್ಟಿನ ಗದ್ದೆಗಳು ಹೋಗಿ ಬಡಾವಣೆಗಳಾದವು, ನಾಲೆಯ ಮೇಲೆ ಒತ್ತುವರಿ ಬಂತು, ಕೆರೆಗೆ ಪಡುವಾರಹಳ್ಳಿ ಕಡೆಯಿಂದ ಚರಂಡಿ ನೀರು ಸೇರಿತು. ಭತ್ತ ಬೆಳೆಯುವ ಕೆಲಸ ತಪ್ಪಿದ ಕೆರೆಗೆ ಕೊನೆಗೆ ಉಳಿದದ್ದು ನೋಡಿಸಿಕೊಳ್ಳುವ ಕೆಲಸ.

ಊರಿನ ಇನ್ನೊಂದು ಬದಿಯಲ್ಲಿ, ಚಾಮುಂಡಿ ಬೆಟ್ಟದ ಬುಡಕ್ಕೆ, ಕಾರಂಜಿ ಕೆರೆ. ಇದಕ್ಕೆ ಒತ್ತಿಕೊಂಡೇ 1892ರಲ್ಲಿ ಚಾಮರಾಜ ಒಡೆಯರು ಮಾಡಿಸಿದ ಮೃಗಾಲಯ. ಅರಮನೆಯವರ ಪ್ರಾಣಿ ಶೋಕಿಯಾಗಿ ಶುರುವಾದದ್ದು, ರಾಜರು ಹೋದ ಮೇಲೆ ಸರ್ಕಾರದ ಕೈಗೆ ಬಂತು. ಕೆರೆಯೂ ಮೃಗಾಲಯದವರ ಪಾಲಾಯಿತು. ಬಹಳ ಕಾಲ ಊರಿನ ಕೊಚ್ಚೆ ಸೇರಿ ಹೂಳು ತುಂಬಿ ನಾರುತ್ತಿದ್ದ ಕೆರೆಯನ್ನು ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ಹಣದಲ್ಲಿ ಸರಿಮಾಡಿ, ಈ ಶತಮಾನದ ಮೊದಲ ವರ್ಷಗಳಲ್ಲಿ ಉದ್ಯಾನವಾಗಿ ತೆರೆದರು. ಈಗ ಅಲ್ಲಿ ಟಿಕೆಟ್ಟು, ದೋಣಿ, ಚಿಟ್ಟೆಗಳ ತೋಟ, ಒಳಗೆ ಜನರೇ ನಡೆದುಕೊಂಡು ಹೋಗಬಹುದಾದ ದೊಡ್ಡ ಹಕ್ಕಿಪಂಜರ, ಅದರಲ್ಲಿ ನವಿಲು. ಪಕ್ಕದಲ್ಲೇ 1995ರಲ್ಲಿ ಬಂದ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯ. ಪಂಜರದಾಚೆ ಯಾರ ಟಿಕೆಟ್ಟೂ ಇಲ್ಲದೆ ಬರುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುತ್ತವೆ. ಸೊಗಸಾದ ಜಾಗ, ಸುಳ್ಳು ಹೇಳಬಾರದು.

ಈ ಪ್ರಾಕೃತಿಕ ಇತಿಹಾಸ ಅನ್ನುವ ಮಾತೇ ನನಗೆ ಸ್ವಲ್ಪ ಇರುಸುಮುರುಸು. ನಮ್ಮ ಸೀಮೆಯ ಯಾವ ಕೆರೆಯೂ ಪ್ರಕೃತಿ ಕೊಟ್ಟದ್ದಲ್ಲ. ಮಳೆ ಬಿದ್ದ ನೀರು ಹಳ್ಳ ಹಿಡಿದು ಓಡದಂತೆ ಮನುಷ್ಯರು ಮಣ್ಣು ಹೊತ್ತು ತಡೆದದ್ದು. ಅಗೆಯೋದು ಒಡ್ಡರ ಕಸುಬು, ಹೊರೋದು ಊರ ಆಳುಮಕ್ಕಳ ಬಿಟ್ಟಿ ಚಾಕರಿ. ಶಾಸನಗಳಲ್ಲಿ ಕಟ್ಟಿಸಿದ ಗೌಡನಿಗೆ ಕಟ್ಟುಕೊಡಗೆ ಭೂಮಿ ಬಿಟ್ಟ ವಿವರ ಸಿಗುತ್ತದೆ. ಗುದ್ದಲಿಯವನಿಗೆ ಏನು ಬಿಟ್ಟರು?

ಕೆರೆ ಕಟ್ಟಿದ ಮೇಲೆ ಅದನ್ನು ಉಳಿಸಿದವನು ನೀರಗಂಟಿ. ಹಳೇ ಮೈಸೂರಿನ ಎಷ್ಟೋ ಊರುಗಳಲ್ಲಿ ಈ ನೀರಗಂಟಿ ಹೊಲಗೇರಿಯವನು. ಇದನ್ನು ಮೇಷ್ಟ್ರುಗಳು ಮಕ್ಕಳಿಗೆ ಬಿಡಿಸಿ ಹೇಳಬೇಕು, ಯಾಕೆಂದರೆ ಪಠ್ಯಪುಸ್ತಕ ಹೇಳೋದಿಲ್ಲ. ತೂಬು ಯಾವಾಗ ಎತ್ತಬೇಕು, ಯಾವಾಗ ಮುಚ್ಚಬೇಕು, ಕೆರೆಯಲ್ಲಿ ಇಷ್ಟೇ ನೀರಿದ್ದರೆ ಎಷ್ಟು ಗದ್ದೆಗೆ ಸಾಕು, ಮೇಲಿನ ಮಡಿಗೆ ಮೊದಲೋ ಬಾಲದ ಮಡಿಗೆ ಮೊದಲೋ, ಇದೆಲ್ಲ ಅವನ ಲೆಕ್ಕ. ಓದು ಬರಹ ಇಲ್ಲದವನ ತಲೆಯಲ್ಲಿ ಅಚ್ಚುಕಟ್ಟಿನ ನಕಾಶೆ ಇತ್ತು. ಮಳೆಗಾಲದ ರಾತ್ರಿ ಕೋಡಿ ಬಿದ್ದರೆ ಏರಿ ಬಿರುಕು ಬಿಟ್ಟಿದೆಯಾ ಅಂತ ಕಂಬಳಿಕೊಪ್ಪೆ ಹೊದ್ದು ಕಾಯುವವನೂ ಅವನೇ. ಏರಿ ಒಡೆದರೆ ಮೊದಲು ಬೈಗುಳ ತಿನ್ನುವವನೂ ಅವನೇ. ಭೂಮಿ ಇದ್ದವರು ನೀರಿಗೆ ಜಗಳ ಆಡಿಕೊಂಡಾಗ, ಆ ನೀರಿನಲ್ಲಿ ಒಂದು ಗುಂಟೆ ಗದ್ದೆಯೂ ಇಲ್ಲದವನು ಹಂಚಿದರೆ ಪಕ್ಷಪಾತ ಇರೋದಿಲ್ಲ ಅನ್ನುವ ನಂಬಿಕೆಯಿತ್ತಂತೆ! ಎಂಥಾ ನ್ಯಾಯ ನೋಡಿ. ಭೂಮಿ ಕೊಡದೆ ಇಟ್ಟು, ಆ ಇಲ್ಲದತನವನ್ನೇ ಅರ್ಹತೆ ಮಾಡಿದರು.

ಇಷ್ಟಕ್ಕೆ ಅವನಿಗೆ ಸಿಕ್ಕುತ್ತಿದ್ದದ್ದು ಸುಗ್ಗಿಯಲ್ಲಿ ಕಣದ ಬದಿಯ ಒಂದಿಷ್ಟು ಹೊರೆ, ಆಯ. ಅದನ್ನೂ ದೂರ ನಿಂತು ಇಸಕೋಬೇಕು. ಊರಿನ ನೀರನ್ನೆಲ್ಲ ಬೆರಳಲ್ಲಿ ಆಡಿಸಿದವನ ಹೆಂಡತಿ ಊರಬಾವಿಯ ಹತ್ತಿರ ಕೊಡ ಕೆಳಗಿಟ್ಟು, ಯಾರಾದರೂ ಪುಣ್ಯಾತ್ಮರು ಮೇಲಿಂದ ಹುಯ್ಯಲಿ ಅಂತ ಕಾಯುತ್ತಿದ್ದಳು. ಅವನು ಮುಟ್ಟಿದ ತೂಬಿನ ನೀರಲ್ಲಿ ಬೆಳೆದ ಅಕ್ಕಿ ದೇವರ ಎಡೆಗೆ ಆಗುತ್ತಿತ್ತು, ಅವನು ಮುಟ್ಟಿದ ಕೊಡ ಆಗುತ್ತಿರಲಿಲ್ಲ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ತೋಟಿ, ತಳವಾರ, ನೀರಗಂಟಿಯ ಹುಟ್ಟುಪಾಡಿನ ಚಾಕರಿಯನ್ನು ತೆಗೆದುಹಾಕಿತು. ಆಗಲೇಬೇಕಿದ್ದ ಕೆಲಸ. ಆದರೆ ಅವನ ತಲೆಯೊಳಗಿದ್ದ ವಿದ್ಯೆಯನ್ನು ಬರೆದಿಟ್ಟುಕೊಳ್ಳೋಣ ಅಂತ ಯಾವ ವಿಶ್ವವಿದ್ಯಾನಿಲಯಕ್ಕೂ ಆಗ ಅನ್ನಿಸಲಿಲ್ಲ. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಮಾನಸಗಂಗೋತ್ರಿ ತಲೆಯೆತ್ತಿದ್ದು ಅದರ ಹಿಂದಿನ ವರ್ಷ, 1960ರಲ್ಲಿ.

ಮಾನಸಗಂಗೋತ್ರಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅದನ್ನು ಕಟ್ಟಿದ ಕುವೆಂಪು ಈ ಏರಿಯ ಮೇಲೆ ದಿನಾ ನಡೆದವರು, ಈ ಕೆರೆಯ ಮೇಲೆ ಪದ್ಯ ಬರೆದವರು. ಶೂದ್ರನೊಬ್ಬ ಕುಲಪತಿಯಾಗಿ ಅಲ್ಲಿ ಓಡಾಡಿದ್ದು ಸಣ್ಣ ಸಂಗತಿಯಲ್ಲ. ಇದೇ ಮೈಸೂರಿನಲ್ಲಿ 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದಾಗ ಎದ್ದ ಗಲಾಟೆ, ದಲಿತ ವಿದ್ಯಾರ್ಥಿಗಳ ಮೇಲೆ ಬಿದ್ದ ಏಟು, ಗೊತ್ತೇ ಇದೆ. ತಲೆಯ ಮೇಲೆ ಮಲ ಹೊರಿಸಬಾರದು ಅಂತ ಆಜ್ಞೆ ಮಾಡಿದ ಮಂತ್ರಿ ಅವರು. ನೀರಗಂಟಿಯನ್ನು ಕಾಣದ ಸಾಹಿತ್ಯವನ್ನು ಇನ್ನೇನನ್ನಬೇಕಿತ್ತು?

ಕೆರೆ ಮುಟ್ಟುವುದೇ ಒಂದು ಯುದ್ಧವಾಗಿತ್ತು ಎನ್ನುವುದನ್ನು ಇವತ್ತಿನ ಹುಡುಗರು ಮರೆಯಬಾರದು. ಮಹಾಡಿನ ಚವದಾರ್ ಕೆರೆಯನ್ನು ಪುರಸಭೆ ಎಲ್ಲರಿಗೂ ತೆರೆದಿದೆ ಎಂದು ಠರಾವು ಮಾಡಿಯಾಗಿತ್ತು. ದನ ಕುಡಿಯಬಹುದಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಬೊಗಸೆ ನೀರು ಕುಡಿದರೆ ಹೊಡೆದಾಟವಾಯಿತು, ಆಮೇಲೆ ಮೇಲ್ಜಾತಿಯವರು ಸಗಣಿ ಗಂಜಲ ಸುರಿದು ಕೆರೆಯನ್ನು ಶುದ್ಧ ಮಾಡಿದರು. ಆ ಕೆರೆಯ ಹಕ್ಕು ಬೊಂಬಾಯಿ ಹೈಕೋರ್ಟಿನಲ್ಲಿ ಇತ್ಯರ್ಥವಾದದ್ದು 1937ರಲ್ಲಿ, ಹತ್ತು ವರ್ಷ ಕಳೆದ ಮೇಲೆ. ಸಂವಿಧಾನದ 15ನೇ ವಿಧಿಯನ್ನು ತೆಗೆದು ಓದಿ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದೇ ಹೆಸರು ಹಿಡಿದು, ಇವುಗಳ ಬಳಕೆಗೆ ಜಾತಿಯ ಅಡ್ಡಿ ಇರಕೂಡದು ಅಂತ ಬರೆದಿದೆ. ಸಮಾನತೆ ಎಂಬ ದೊಡ್ಡ ಮಾತು ಸಾಲದು, ಕೆರೆ ಎಂಬ ಸಣ್ಣ ಮಾತನ್ನೇ ಹೇಳಬೇಕು, ಹೇಳದಿದ್ದರೆ ತಪ್ಪಿಸಿಕೊಳ್ಳುತ್ತಾರೆ ಅಂತ ಬರೆದವರಿಗೆ ಗೊತ್ತಿತ್ತು.

ಇವತ್ತು ಕಾರಂಜಿಕೆರೆಯ ಬಾಗಿಲಲ್ಲಿ ಯಾರೂ ಜಾತಿ ಕೇಳೋದಿಲ್ಲ, ದುಡ್ಡು ಕೇಳುತ್ತಾರೆ. ಎರಡೂ ಒಂದೇ ಅಂತ ನಾನು ಹೇಳಲಾರೆ, ಹಾಗೆ ಹೇಳಿದರೆ ಮಹಾಡಿನವರಿಗೆ ಅವಮಾನ. ಆದರೂ ಆ ಕೆರೆಯ ದಡದಲ್ಲಿ ಬೆಳಕು ಹರಿಯುವ ಮೊದಲೇ ಬಂದು ಕಸ ಗುಡಿಸುವವರು, ನೀರಿಗಿಳಿದು ಕಳೆ ಕೀಳುವವರು ಯಾವ ಕೇರಿಯಿಂದ ಬರುತ್ತಾರೆ ಅಂತ ವಿಚಾರಿಸಿ ನೋಡಿ. 2016ರಲ್ಲಿ ಮೈಸೂರು ದೇಶಕ್ಕೇ ಸ್ವಚ್ಛ ನಗರ ಅನ್ನಿಸಿಕೊಂಡಿತು. ಆ ಬಿರುದು ಯಾರ ರಟ್ಟೆಯದು? ಪೌರಕಾರ್ಮಿಕರದು.

ಹಕ್ಕಿ ಕಾಯುವುದಕ್ಕೆ ಬೇಲಿ, ಟಿಕೆಟ್ಟು ಬೇಕೇ ಬೇಕು ಅನ್ನುವವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿಬರಲಿ. ಅದೇ ಹೆಜ್ಜಾರ್ಲೆ, ಅದೇ ಬಣ್ಣದ ಕೊಕ್ಕರೆ ಅಲ್ಲಿ ಮನೆ ಹಿತ್ತಲ ಹುಣಸೆಮರದಲ್ಲಿ ಸಂಸಾರ ಮಾಡುತ್ತವೆ. ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ. ಗೂಡಿದ್ದಷ್ಟು ದಿನ ಹುಣಸೆಹಣ್ಣಿನ ಫಸಲು ಕೆಟ್ಟರೂ ಊರವರು ಹಕ್ಕಿ ಓಡಿಸಲಿಲ್ಲ. ಕಾಡಿಲಾಖೆಯವರು ಬಂದದ್ದು ಆಮೇಲೆ.

ಹಳ್ಳಿ ಶಾಲೆಯ ಮೇಷ್ಟ್ರುಗಳು ಪ್ರವಾಸಕ್ಕೆ ಮಕ್ಕಳನ್ನು ಮೈಸೂರಿಗೆ ಕರೆತಂದಾಗ ಹುಲಿ, ಜಿರಾಫೆ, ನವಿಲು ತೋರಿಸಲಿ, ದೋಣಿಯಲ್ಲೂ ಕೂರಿಸಲಿ. ಊರಿಗೆ ವಾಪಸು ಹೋದ ಮೇಲೆ ತಮ್ಮೂರ ಕೆರೆಯ ತೂಬಿನ ಹತ್ತಿರಕ್ಕೂ ಒಂದು ದಿನ ಕರೆದುಕೊಂಡು ಹೋಗಲಿ. ಹೊಲಗೇರಿಯಲ್ಲಿ ನೀರಗಂಟಿ ಮನೆ ಅಂತ ಹೆಸರಿರುವ ಮನೆ ಇನ್ನೂ ಇರುತ್ತದೆ. ಅಲ್ಲಿಯ ವಯಸ್ಸಾದ ಅಜ್ಜ ಅಜ್ಜಿ ಹೇಳುವುದನ್ನು, ತೂಬಿನ ಅಳತೆ, ಸರದಿಯ ಲೆಕ್ಕ, ಸಿಕ್ಕ ಆಯ, ಸಿಗದ ಆಯ, ಎಲ್ಲವನ್ನೂ ಅವರದೇ ಮಾತಲ್ಲಿ ಬರೆದುಕೊಂಡು ಈ ಪತ್ರಿಕೆಗೆ ಕಳಿಸಿ. ತಿದ್ದದೆ ಹಾಕುತ್ತೇವೆ.